ಆನಿ ಹ್ಯಾಸ್ಲಂ ದನಿಯ ಯಾವ ಆಲ್ಬಂ ಮೊದಲು? ರೆನೆಸಾನ್ಸ್ ತಂಡದ ಸಿಂಫೊನಿಕ್ ರಾಕ್‌ಗೆ ಹೋಲಿಕೆಯ ಮಾರ್ಗದರ್ಶಿ

ಸಿಂಫೊನಿಕ್ ರಾಕ್, ಅಂದರೆ ರಾಕ್ ತಂಡದ ಜೊತೆ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದ ಬೆರೆತ ಸಂಗೀತ ಕೇಳಬೇಕು, ಹಾಡುವ ದನಿ ಹೆಣ್ಣಿನದಾಗಿರಬೇಕು, ಎಲ್ಲಿಂದ ಶುರು ಮಾಡಲಿ? ಹೀಗೆ ಕೇಳಿದವರಿಗೆಲ್ಲ ನಾನು ಹೇಳುವ ಹೆಸರು ಒಂದೇ: ಆನಿ ಹ್ಯಾಸ್ಲಂ, ಇಂಗ್ಲೆಂಡಿನ ರೆನೆಸಾನ್ಸ್ ತಂಡದ ಗಾಯಕಿ. ಹೆಸರು ಹೇಳುವುದು ಸುಲಭ, ಆಲ್ಬಂ ಆರಿಸಿಕೊಡುವುದು ಅಷ್ಟು ಸುಲಭವಲ್ಲ. 1972ರಿಂದ 1978ರ ಒಳಗೆ ಈ ತಂಡ ಆಕೆಯ ದನಿಯಲ್ಲಿ ಆರು ಸ್ಟುಡಿಯೋ ಆಲ್ಬಂಗಳನ್ನೂ ಒಂದು ಲೈವ್ ಆಲ್ಬಂ ಅನ್ನೂ ತಂದಿತು. ನಡುವೆ 1977ರಲ್ಲಿ ಹ್ಯಾಸ್ಲಂ ತಮ್ಮದೇ ಹೆಸರಿನಲ್ಲಿ ಇನ್ನೊಂದನ್ನು ಮಾಡಿದರು. ಒಟ್ಟು ಎಂಟು. ಎಂಟರಲ್ಲೂ ಅದೇ ದನಿ, ಆದರೆ ಕೇಳುವ ಅನುಭವ ಮಾತ್ರ ಬೇರೆಬೇರೆ. ತಪ್ಪು ಬಾಗಿಲಿನಿಂದ ಒಳಗೆ ಹೋದವರು "ಇದೇನು, ಹಳೇ ಕಾಲದ ಪಾಪ್ ಹಾಡು" ಎಂದೋ "ಇದು ತೀರಾ ಉದ್ದ" ಎಂದೋ ಹೇಳಿ ವಾಪಸ್ ಬಂದುಬಿಡುತ್ತಾರೆ. ಅದು ಆಗಬಾರದು ಎಂಬುದಕ್ಕೇ ಈ ಬರಹ.

ಹಾಡಿನ ಆ್ಯಪ್‌ನಲ್ಲಿ ತಂಡದ ಹೆಸರು ಹೊಡೆದರೆ ಮೇಲೆ ಬರುವ ಹಾಡುಗಳಲ್ಲಿ 1978ರ 'ನಾರ್ದರ್ನ್ ಲೈಟ್ಸ್' ಇದ್ದೇ ಇರುತ್ತದೆ. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ 10ನೇ ಸ್ಥಾನಕ್ಕೇರಿದ, ತಂಡದ ಅತಿ ಜನಪ್ರಿಯ ಹಾಡು ಅದು. ಮಧುರವಾಗಿದೆ, ನಿಜ. ಆದರೆ ತಂಡದ ನಿಜವಾದ ಶಕ್ತಿ ಏನು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಜನಪ್ರಿಯತೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ನನ್ನ ಮಟ್ಟಿಗೆ ಪ್ರಶ್ನೆ ಒಂದೇ: ದನಿಗೂ ವಾದ್ಯವೃಂದಕ್ಕೂ ನಡುವೆ ಯಾರು ಯಾರಿಗೆ ಜಾಗ ಬಿಡುತ್ತಾರೆ? ಸಿಂಫೊನಿಕ್ ರಾಕ್ ಹೆಸರಿನಲ್ಲಿ ಬಂದ ಎಷ್ಟೋ ಆಲ್ಬಂಗಳಲ್ಲಿ ರಾಕ್ ತಂಡ ಒಂದು ಕಡೆ ಬಾರಿಸುತ್ತಿರುತ್ತದೆ, ಪಿಟೀಲುಗಳು ಅದರ ಮೇಲೆ ಅಲಂಕಾರಕ್ಕೆಂದು ಬಂದು ಕೂತಿರುತ್ತವೆ, ಗಾಯಕಿ ಎರಡನ್ನೂ ಮೀರಿಸಲು ಕಿರುಚಬೇಕಾಗುತ್ತದೆ. ರೆನೆಸಾನ್ಸ್ ತಂಡದ ಒಳ್ಳೆಯ ಆಲ್ಬಂಗಳಲ್ಲಿ ಹಾಗಾಗುವುದಿಲ್ಲ. ಎಲ್ಲಿ ಆಗುವುದಿಲ್ಲ, ಎಲ್ಲಿ ಸ್ವಲ್ಪ ಆಗುತ್ತದೆ ಎಂಬುದನ್ನು ನೋಡಿದರೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಹಿನ್ನೆಲೆ, ಬೇಕಾದಷ್ಟೇ

ತಂಡ ಹುಟ್ಟಿದ್ದು 1969ರಲ್ಲಿ. ಯಾರ್ಡ್‌ಬರ್ಡ್ಸ್ ತಂಡದಿಂದ ಹೊರಬಂದ ಕೀತ್ ರೆಲ್ಫ್ ಮತ್ತು ಜಿಮ್ ಮೆಕಾರ್ಟಿ ಅದನ್ನು ಕಟ್ಟಿದರು. ಆಗಿನ ಗಾಯಕಿ ಕೀತ್ ಅವರ ತಂಗಿ ಜೇನ್ ರೆಲ್ಫ್. ಎರಡು ಆಲ್ಬಂ ಆಗುವಷ್ಟರಲ್ಲಿ ಆ ಬಳಗ ಚದುರಿಹೋಯಿತು. ಲ್ಯಾಂಕಶೈರಿನ ಬೋಲ್ಟನ್ ಊರಿನಲ್ಲಿ 1947ರಲ್ಲಿ ಹುಟ್ಟಿದ ಆನಿ ಹ್ಯಾಸ್ಲಂ 'ಮೆಲಡಿ ಮೇಕರ್' ಪತ್ರಿಕೆಯ ಜಾಹೀರಾತು ನೋಡಿ ಬಂದು ಹಾಡಿ ತೋರಿಸಿ, 1971ರಲ್ಲಿ ತಂಡ ಸೇರಿದರು. ಅದಕ್ಕೂ ಮೊದಲು ಸಿಬಿಲ್ ನೈಟ್ ಎಂಬ ಆಪೆರಾ ಗಾಯಕಿಯ ಬಳಿ ಕಲಿತಿದ್ದರು. ಆ ಕಲಿಕೆ ಆಕೆಯ ಹಾಡಿಕೆಯ ಉದ್ದಕ್ಕೂ ಕೇಳಿಸುತ್ತದೆ: ಉಸಿರಿನ ಹಿಡಿತ, ಮೇಲಿನ ಸ್ವರಕ್ಕೆ ಹೋಗುವಾಗ ಎಲ್ಲೂ ಬಿರುಕು ಬಿಡದ ದನಿ, ಪ್ರತಿ ಪದದ ಸ್ಪಷ್ಟ ಉಚ್ಚಾರ.

ಇನ್ನೆರಡು ವಿಷಯ ತಿಳಿದಿದ್ದರೆ ಆಲ್ಬಂಗಳು ಬೇಗ ಅರ್ಥವಾಗುತ್ತವೆ. ಒಂದು, ಈ ತಂಡದ ಮುಖ್ಯ ವರ್ಷಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರಾಕ್ ತಂಡದಲ್ಲಿ ಇದು ದೊಡ್ಡ ಮಾತು. ಆ ಜಾಗದಲ್ಲಿ ಜಾನ್ ಟೌಟ್ ಅವರ ಪಿಯಾನೋ ಇದೆ, ಮೈಕೆಲ್ ಡನ್‌ಫೋರ್ಡ್ ಅವರ ಅಕೌಸ್ಟಿಕ್ ಗಿಟಾರ್ ಇದೆ. ಲೀಡ್ ಗಿಟಾರ್ ಮಾಡಬೇಕಾದ ಕೆಲಸವನ್ನು ಜಾನ್ ಕ್ಯಾಂಪ್ ಅವರ ರಿಕೆನ್‌ಬ್ಯಾಕರ್ ಕಂಪನಿಯ ಬೇಸ್ ಗಿಟಾರ್ ಮಾಡುತ್ತದೆ. ಅದು ಕೆಳಗೆ ಗುಂಯ್‌ಗುಡುತ್ತಾ ಕೂರುವ ಬೇಸ್ ಅಲ್ಲ, ಚುರುಕಾಗಿ, ಲೋಹದ ಸದ್ದಿನೊಂದಿಗೆ ರಾಗದ ಜೊತೆಜೊತೆಗೇ ಓಡುವ ಬೇಸ್. ಡ್ರಮ್ಸ್ ಟೆರೆನ್ಸ್ ಸುಲ್ಲಿವಾನ್. ಎರಡನೆಯದು, ಬಹುತೇಕ ಸಾಹಿತ್ಯ ಬರೆದ ಬೆಟ್ಟಿ ಥ್ಯಾಚರ್ ತಂಡದ ಜೊತೆ ಇರುತ್ತಲೇ ಇರಲಿಲ್ಲ. ಆಕೆ ಇದ್ದದ್ದು ಇಂಗ್ಲೆಂಡಿನ ನೈಋತ್ಯ ಕಡಲಂಚಿನ ಕಾರ್ನ್‌ವಾಲ್‌ನಲ್ಲಿ. ಡನ್‌ಫೋರ್ಡ್ ರಾಗದ ಟೇಪನ್ನು ಅಂಚೆಯಲ್ಲಿ ಕಳಿಸುತ್ತಿದ್ದರು, ಆಕೆ ಪದ ಬರೆದು ಅಂಚೆಯಲ್ಲೇ ವಾಪಸ್ ಕಳಿಸುತ್ತಿದ್ದರು. ಕಡಲು, ಬಂದರು, ಕಾಯುವ ಹೆಂಗಸರು ಈ ಹಾಡುಗಳಲ್ಲಿ ಅಷ್ಟು ಸಲ ಬರುವುದನ್ನು ಕಂಡಾಗೆಲ್ಲ ಕಾರ್ನ್‌ವಾಲ್‌ನ ತೀರ ನನ್ನ ನೆನಪಿಗೆ ಬರುತ್ತದೆ.

ಮೊದಲ ಆಲ್ಬಂ ಯಾವುದು: 1973ರದೋ, 1975ರದೋ?

ನಿಜವಾದ ಸ್ಪರ್ಧೆ ಇರುವುದು ಎರಡರ ನಡುವೆ. 1973ರ 'ಆ್ಯಶಸ್ ಆರ್ ಬರ್ನಿಂಗ್' ಮತ್ತು 1975ರ 'ಶೆಹೆರಜಾದ್ ಆ್ಯಂಡ್ ಅದರ್ ಸ್ಟೋರೀಸ್'. ಅಭಿಮಾನಿಗಳಲ್ಲಿ ಹೆಚ್ಚಿನವರು ಎರಡನೆಯದನ್ನೇ ಶ್ರೇಷ್ಠ ಎನ್ನುತ್ತಾರೆ. ಶ್ರೇಷ್ಠ ಯಾವುದು ಎಂಬ ವಾದಕ್ಕೆ ನಾನು ಹೋಗುವುದಿಲ್ಲ, ಆದರೆ ಮೊದಲು ಕೇಳಬೇಕಾದದ್ದು 1973ರ ಆಲ್ಬಂ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

'ಆ್ಯಶಸ್ ಆರ್ ಬರ್ನಿಂಗ್'ನ ಮೊದಲ ಹಾಡು 'ಕ್ಯಾನ್ ಯು ಅಂಡರ್‌ಸ್ಟ್ಯಾಂಡ್' ಹತ್ತಿರಹತ್ತಿರ ಹತ್ತು ನಿಮಿಷದ್ದು. ಜಾಗಟೆಯ ಹೊಡೆತದಿಂದ ಶುರುವಾಗುತ್ತದೆ, ಪಿಯಾನೋ ಬರುತ್ತದೆ, ಆಮೇಲೆ ಬೇಸ್ ಮತ್ತು ಡ್ರಮ್ಸ್ ಒಟ್ಟಿಗೆ ದೌಡು ಕೀಳುತ್ತವೆ. ಎರಡು ನಿಮಿಷ ದಾಟಿದರೂ ದನಿಯ ಸುಳಿವಿಲ್ಲ. ಗಾಯಕಿಗೋಸ್ಕರ ಹಾಕಿಕೊಂಡವರಿಗೆ ಇಲ್ಲಿ ತಾಳ್ಮೆ ಬೇಕು. ನಂತರ ಓಟವೆಲ್ಲ ತಟ್ಟನೆ ನಿಂತು ಅಕೌಸ್ಟಿಕ್ ಗಿಟಾರ್ ಒಂದೇ ಉಳಿಯುತ್ತದೆ, ಅದರ ಮೇಲೆ ಹ್ಯಾಸ್ಲಂ ದನಿ ನಿಧಾನವಾಗಿ ಇಳಿದು ಬರುತ್ತದೆ. ಅಲ್ಲಿಯವರೆಗಿನ ಗದ್ದಲವೆಲ್ಲ ಈ ಒಂದು ಕ್ಷಣಕ್ಕೆ ಜಾಗ ಮಾಡಿಕೊಡಲು ಇತ್ತು ಎಂದು ಆಗ ಗೊತ್ತಾಗುತ್ತದೆ. ನಡುವೆ ವಾದ್ಯವೃಂದ ಏರಿ ಬಂದಾಗಲೂ ದನಿ ಅದರ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ತಂತಿವಾದ್ಯಗಳು ಬಂದಾಗ ದನಿ ಸುಮ್ಮನಾಗುತ್ತದೆ, ದನಿ ಬಂದಾಗ ಅವು ಹಿಂದೆ ಸರಿಯುತ್ತವೆ. ತಂಡ ವಾದ್ಯವೃಂದವನ್ನು ಮೊದಲ ಬಾರಿಗೆ ಬಳಸಿದ್ದು ಈ ಆಲ್ಬಂನಲ್ಲೇ. ಬಳಸಿದ್ದು ಕೆಲವೇ ಕಡೆ, ಹಾಗಾಗಿಯೇ ಪ್ರತಿ ಸಲವೂ ನಾಟುತ್ತದೆ.

ಇದೇ ಆಲ್ಬಂನ 'ಕಾರ್ಪೆಟ್ ಆಫ್ ದಿ ಸನ್' ಮೂರೂವರೆ ನಿಮಿಷದ ಹಾಡು. ಉದ್ದದ ಹಾಡು ಒಗ್ಗದವರಿಗೆ ಇದು ಒಳ್ಳೆಯ ಬಾಗಿಲು. ಪೂರ್ತಿ ವಾದ್ಯವೃಂದ, ನೇರವಾದ ರಾಗ, ಬಾಯಲ್ಲಿ ಉಳಿಯುವ ಪಲ್ಲವಿ. ಇದರ ಎದುರು 'ಅಟ್ ದಿ ಹಾರ್ಬರ್' ಇಟ್ಟು ನೋಡಿ. ಡ್ರಮ್ಸ್ ಇಲ್ಲ, ಅವಸರವೂ ಇಲ್ಲ. ಪಿಯಾನೋದ ಆರಂಭದಲ್ಲಿ ಫ್ರೆಂಚ್ ಸಂಯೋಜಕ ದೆಬ್ಯುಸ್ಸಿಯ 'ಮುಳುಗಿದ ಚರ್ಚು' ಕೃತಿಯ ನೆರಳಿದೆ. ಮೀನಿಗೆ ಹೋದ ಗಂಡಸರು ಬಿರುಗಾಳಿಗೆ ಸಿಕ್ಕಿದ್ದಾರೆ, ಹೆಂಗಸರು ದಡದಲ್ಲಿ ಕಾಯುತ್ತಿದ್ದಾರೆ. ಹ್ಯಾಸ್ಲಂ ಇದನ್ನು ಅಳುವ ದನಿಯಲ್ಲಿ ಹಾಡುವುದಿಲ್ಲ. ಸುದ್ದಿ ತಿಳಿಸುವವರ ಸಮಾಧಾನದಲ್ಲಿ ಹಾಡುತ್ತಾರೆ. ಕೊನೆಗೆ ಪದಗಳೇ ಬಿದ್ದುಹೋಗಿ ಬರೀ ಸ್ವರ ಉಳಿಯುತ್ತದೆ. ಆ ಕೊನೆಯ ಭಾಗ ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಶೀರ್ಷಿಕೆಗೀತೆ ಹನ್ನೊಂದು ನಿಮಿಷಕ್ಕೂ ಮೇಲೆ. ಗಾಳಿಯ ಸದ್ದಿನಿಂದ ಆರಂಭ, ನಡುವೆ ಬೇಸ್ ಮತ್ತು ಆರ್ಗನ್‌ಗಳ ಉದ್ದನೆಯ ಮಾತುಕತೆ, ಕೊನೆಗೆ ದನಿ ಒಂದು ತಾರಸ್ವರವನ್ನು ಹಿಡಿದು ನಿಲ್ಲುತ್ತದೆ. ಆ ಸ್ವರದ ಬೆನ್ನಿಗೇ ಎಲೆಕ್ಟ್ರಿಕ್ ಗಿಟಾರ್ ಒಂದು ಎದ್ದು ಬರುತ್ತದೆ. ಅದು ವಿಶ್‌ಬೋನ್ ಆ್ಯಶ್ ತಂಡದಿಂದ ಅತಿಥಿಯಾಗಿ ಬಂದ ಆ್ಯಂಡಿ ಪವೆಲ್ ಅವರದು. ಆಲ್ಬಂ ಪೂರ್ತಿ ತಡೆದಿಟ್ಟುಕೊಂಡಿದ್ದ ವಾದ್ಯವನ್ನು ಕೊನೆಯಲ್ಲಿ ಬಿಟ್ಟುಕೊಟ್ಟ ಈ ನಿರ್ಧಾರ ಎಷ್ಟು ಜಾಣತನದ್ದು ಎಂಬುದನ್ನು ನೀವೇ ಕೇಳಿ ಹೇಳಿ.

ಈಗ 1975ರ 'ಶೆಹೆರಜಾದ್'. ಇದರ ಹಿರಿಮೆ ಎಲ್ಲರೂ ಹೇಳುವಷ್ಟೇ ಇದೆ. ಎಲ್‌ಪಿಯ ಎರಡನೇ ಬದಿಯನ್ನು ಪೂರ್ತಿ ತುಂಬಿಕೊಂಡ 'ಸಾಂಗ್ ಆಫ್ ಶೆಹೆರಜಾದ್' ಇಪ್ಪತ್ತನಾಲ್ಕು ನಿಮಿಷ ದಾಟುತ್ತದೆ, ಜೊತೆಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇದೆ. ಕಥೆ ನಮಗೆ ಹೊಸದಲ್ಲ: ದಿನಕ್ಕೊಬ್ಬಳನ್ನು ಮದುವೆಯಾಗಿ ಬೆಳಗಾದರೆ ಕೊಲ್ಲಿಸುವ ಸುಲ್ತಾನ, ರಾತ್ರಿಗೊಂದು ಕಥೆ ಹೇಳಿ ತಲೆ ಉಳಿಸಿಕೊಂಡ ಶೆಹೆರಜಾದ್. ಇದೇ ಕಥೆಯ ಮೇಲೆ ರಷ್ಯಾದ ರಿಮ್‌ಸ್ಕಿ-ಕೊರ್ಸಕಾಫ್ 1888ರಲ್ಲಿ ರಚಿಸಿದ ವಾದ್ಯವೃಂದದ ಕೃತಿ ಪ್ರಸಿದ್ಧ. ಹೆಸರು ನೋಡಿ ಇದು ಅದರದೇ ರಾಕ್ ರೂಪ ಎಂದು ಹಲವರು ತಿಳಿಯುತ್ತಾರೆ, ಹಾಗಲ್ಲ. 'ಯುವ ರಾಜಕುಮಾರ, ರಾಜಕುಮಾರಿ' ಎಂಬ ಭಾಗದ ಹೆಸರು ಅಲ್ಲಿಂದ ಬಂದಿದೆ, ಅಲ್ಲೊಂದು ಇಲ್ಲೊಂದು ಸ್ವರಗುಚ್ಛ ಹಳೆಯದಕ್ಕೆ ಕೈ ಮುಗಿಯುತ್ತದೆ, ಉಳಿದದ್ದು ತಂಡದ ಸ್ವಂತ ರಚನೆ.

ತೊಡಕು ಎಲ್ಲಿದೆ ಎಂದರೆ, ದನಿಗಾಗಿ ಬಂದವರು ಈ ಇಪ್ಪತ್ತನಾಲ್ಕು ನಿಮಿಷಗಳಲ್ಲಿ ಬಹಳ ಹೊತ್ತು ಕಾಯಬೇಕು. ಮೊದಲು ತುತ್ತೂರಿಗಳ ಘೋಷ, ಆಮೇಲೆ ವಾದ್ಯವೃಂದ, ಸುಲ್ತಾನನ ಭಾಗ ಬಂದಾಗ ಹಾಡುವುದು ಜಾನ್ ಕ್ಯಾಂಪ್. ನಡುವೆ ಸುಲ್ತಾನನಿಗಾಗಿ ಒಂದು ಫ್ಯೂಗ್, ಅಂದರೆ ಒಂದೇ ಸ್ವರಮಾಲೆಯನ್ನು ಒಂದಾದ ಮೇಲೊಂದು ವಾದ್ಯ ಎತ್ತಿಕೊಂಡು ಹೆಣೆಯುವ ಹಳೆಯ ಯುರೋಪಿಯನ್ ಕ್ರಮ. ಹ್ಯಾಸ್ಲಂ 'ಯುವ ರಾಜಕುಮಾರ, ರಾಜಕುಮಾರಿ' ಭಾಗಕ್ಕೆ ಬಂದಾಗ ಕಾದದ್ದು ಸಾರ್ಥಕ ಎನಿಸುತ್ತದೆ. ಆದರೆ ಆ ಸಾರ್ಥಕತೆ ಸಿಗಬೇಕಾದರೆ ಆಕೆಯ ದನಿಯ ಪರಿಚಯ ನಿಮಗೆ ಮೊದಲೇ ಇರಬೇಕು, ಅದು ಬಂದೇ ಬರುತ್ತದೆಂಬ ನಂಬಿಕೆ ಇರಬೇಕು. ಹೊಸಬರಿಗೆ ಆ ನಂಬಿಕೆ ಇರುವುದಿಲ್ಲ.

ಮೊದಲ ಬದಿ ಬೇರೆಯೇ ವಿಷಯ. 'ಟ್ರಿಪ್ ಟು ದಿ ಫೇರ್' ಜಾತ್ರೆಗೆ ಹೋದವಳ ಹಾಡು. ಹೋಗಿ ನೋಡಿದರೆ ಜಾತ್ರೆಯಲ್ಲಿ ಯಾರೂ ಇಲ್ಲ. ಪಿಯಾನೋ, ನಗುವಿನ ಸದ್ದು, ತಿರುಗುವ ತೊಟ್ಟಿಲಿನಂಥ ಲಯ, ಆ ಖುಷಿಯೊಳಗೇ ಒಂದು ಭಯ. ಮತ್ತೆ 'ಓಷನ್ ಜಿಪ್ಸಿ', ಏಳು ನಿಮಿಷದ್ದು. ತಂಡದ ಎಲ್ಲ ಹಾಡುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ಸೂರ್ಯನ ಮೇಲೆ ಮನಸ್ಸಿಟ್ಟ ಚಂದ್ರನ ಕಥೆ, ಇಲ್ಲಿ ಚಂದ್ರ ಹೆಣ್ಣು. ಚರಣದಲ್ಲಿ ದನಿ ಮಾತಿನ ಮಟ್ಟದಲ್ಲೇ ಇರುತ್ತದೆ, ನಡುವೆ ಪದವಿಲ್ಲದ ಸ್ವರಗಳು ಬರುತ್ತವೆ, ಪಲ್ಲವಿಯಲ್ಲಿ ದನಿ ಮೇಲೇರಿ ಹರಡಿಕೊಳ್ಳುತ್ತದೆ. ಮುಂದೆ 1997ರಲ್ಲಿ ಬ್ಲ್ಯಾಕ್‌ಮೋರ್ಸ್ ನೈಟ್ ತಂಡವೂ ಇದನ್ನು ಹಾಡಿತು. ಕೇಳಿ ಹೋಲಿಸಿ ನೋಡಿ, ಮೂಲದ ಎದುರು ಅದು ಸಪ್ಪೆ ಎನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ನನ್ನ ಸಲಹೆ: 1973ರ ಆಲ್ಬಂ ಪೂರ್ತಿ ಕೇಳಿ, ನಂತರ 1975ರ ಮೊದಲ ಬದಿ. ಎರಡನೇ ಬದಿಯನ್ನು ಒಂದು ವಾರ ಬಿಟ್ಟು, ಬೇರೆ ಕೆಲಸವಿಲ್ಲದ ಹೊತ್ತಿನಲ್ಲಿ ಹಾಕಿಕೊಳ್ಳಿ.

ಗಂಭೀರ ಮನಸ್ಸಿನವರಿಗೆ 1974

'ಟರ್ನ್ ಆಫ್ ದಿ ಕಾರ್ಡ್ಸ್' ಈ ಎರಡರ ನಡುವೆ ಬಂದದ್ದು, ಮತ್ತು ಬಣ್ಣದಲ್ಲಿ ಎರಡಕ್ಕಿಂತಲೂ ಕಪ್ಪು. ಜರ್ಮನ್ ಸಂಯೋಜಕ ಬಾಕ್ ಶೈಲಿಯ ಆರ್ಗನ್, ಚರ್ಚಿನ ಗೋರಿಮೌನ ಇಷ್ಟಪಡುವವರು ಇದರಿಂದಲೇ ಶುರು ಮಾಡಿದರೂ ತಪ್ಪಿಲ್ಲ. 'ರನಿಂಗ್ ಹಾರ್ಡ್' ಆರಂಭದ ಪಿಯಾನೋದಲ್ಲಿ ಫ್ರೆಂಚ್ ಸಂಯೋಜಕ ಜೆಹಾನ್ ಅಲ್ಲೇನ್ ಅವರ ಆರ್ಗನ್ ಕೃತಿ ಕೇಳಿಸುತ್ತದೆ. 'ಕೋಲ್ಡ್ ಈಸ್ ಬೀಯಿಂಗ್' ಹಾಡಿನ ರಾಗ ಅಲ್ಬಿನೋನಿಯ ಹೆಸರಲ್ಲಿ ಜಗತ್ತಿಗೆಲ್ಲ ಗೊತ್ತಿರುವ 'ಅಡಾಜಿಯೋ'. ಆರ್ಗನ್ ಮತ್ತು ದನಿ ಎರಡೇ, ಮೂರನೆಯದು ಇಲ್ಲ. ಹೀಗೆ ಬೇರೆಯವರ ಕೃತಿಗಳನ್ನು ಎತ್ತಿಕೊಂಡದ್ದಕ್ಕೆ ತಂಡವನ್ನು ಬೈಯುವವರಿದ್ದಾರೆ. ಎತ್ತಿಕೊಂಡದ್ದನ್ನು ಆಲ್ಬಂ ಮೇಲೆ ಸರಿಯಾಗಿ ಹೇಳಿಕೊಳ್ಳಬೇಕಿತ್ತು ಎಂಬ ಮಾತು ನ್ಯಾಯವಾದದ್ದೇ. ಆದರೆ ಹಾಡಿನೊಳಗೆ ಅವು ಹೊರಗಿನವು ಎನಿಸುವುದಿಲ್ಲ.

ಈ ಆಲ್ಬಂ ಅನ್ನು ಕೊಳ್ಳಲು ಕಾರಣ ಕೊನೆಯ ಹಾಡು, 'ಮದರ್ ರಷ್ಯಾ'. ರಷ್ಯಾದ ಲೇಖಕ ಸೊಲ್ಜೆನಿತ್ಸಿನ್ ಬರೆದ, ಸೆರೆಶಿಬಿರದ ಕೈದಿ ಇವಾನ್ ಡೆನಿಸೊವಿಚ್‌ನ ಒಂದು ದಿನದ ಕಥೆಯಿಂದ, ಆ ಲೇಖಕನ ಬದುಕಿನಿಂದ ಹುಟ್ಟಿದ ಹಾಡು. ಸೊಲ್ಜೆನಿತ್ಸಿನ್ ಅವರನ್ನು ಸೋವಿಯತ್ ಸರ್ಕಾರ ದೇಶದಿಂದ ಹೊರಗೆ ಹಾಕಿದ್ದು ಇದೇ 1974ರ ಫೆಬ್ರವರಿಯಲ್ಲಿ. ಹಿಮ, ಶಿಬಿರ, ಕೆಲಸಕ್ಕೆ ಹೊರಟ ಕೈದಿಗಳ ಸಾಲು. ವಾದ್ಯವೃಂದ ಇದನ್ನೆಲ್ಲ ಹೆಜ್ಜೆಯ ಲಯದಲ್ಲಿ ಕಟ್ಟುತ್ತದೆ. ಹಾಡಿನ ನಡುವೆ ಪದಗಳೆಲ್ಲ ನಿಲ್ಲುತ್ತವೆ. ತಂತಿವಾದ್ಯಗಳ ಮೇಲೆ ಹ್ಯಾಸ್ಲಂ ದನಿ ಮಾತಿಲ್ಲದೆ ಏರುತ್ತಾ ಹೋಗುತ್ತದೆ. ನಮ್ಮ ಕಿವಿ ಅದನ್ನು ಆಲಾಪ ಎಂದು ಹಿಡಿಯಲು ಹೋಗುತ್ತದೆ, ಆದರೆ ಇಲ್ಲಿ ಗಮಕವಿಲ್ಲ, ಜಾರುವಿಕೆಯಿಲ್ಲ. ಸ್ವರದಿಂದ ಸ್ವರಕ್ಕೆ ನೇರ ನಡಿಗೆ, ಒಂದೊಂದು ಸ್ವರದ ಮೇಲೂ ಪೂರ್ತಿ ನಿಲುವು. ಗಮಕಕ್ಕೆ ಪಳಗಿದವರಿಗೆ ಮೊದಲು ಇದು ಬರಿದೆನಿಸಬಹುದು. ಎರಡು ಮೂರು ಸಲ ಕೇಳಿ. ದನಿಯ ಬಣ್ಣ ಬದಲಾಗುವುದು ಸ್ವರದ ಒಳಗೆ, ಅದು ಏರುವ ಇಳಿಯುವ ಬಲದಲ್ಲಿ ಎಂಬುದು ನಿಧಾನಕ್ಕೆ ಕೇಳಿಸತೊಡಗುತ್ತದೆ.

ಸ್ಟುಡಿಯೋ ಬೇಕೋ, ವೇದಿಕೆ ಬೇಕೋ?

1975ರ ಜೂನ್ 20ರಿಂದ 22ರವರೆಗೆ ಮೂರು ರಾತ್ರಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ತಂಡ ಹಾಡಿತು, ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಕಲಾವಿದರ ಜೊತೆ. ಅದರ ಧ್ವನಿಮುದ್ರಣ 1976ರಲ್ಲಿ 'ಲೈವ್ ಅಟ್ ಕಾರ್ನೆಗಿ ಹಾಲ್' ಎಂಬ ಎರಡು ಎಲ್‌ಪಿಗಳ ಆಲ್ಬಂ ಆಗಿ ಬಂತು. ಹ್ಯಾಸ್ಲಂ ಹಾಡಿದ ಮೊದಲ ನಾಲ್ಕು ಸ್ಟುಡಿಯೋ ಆಲ್ಬಂಗಳ ಸಾರ ಇದರಲ್ಲಿದೆ. 'ಮದರ್ ರಷ್ಯಾ' ಇದೆ, 'ಓಷನ್ ಜಿಪ್ಸಿ' ಇದೆ, 'ರನಿಂಗ್ ಹಾರ್ಡ್' ಇದೆ, ಶೆಹೆರಜಾದ್ ಪೂರ್ತಿಯಾಗಿ ಇದೆ. ಶೆಹೆರಜಾದ್ ಆಲ್ಬಂ ಆಗ ಇನ್ನೂ ಅಂಗಡಿಗೇ ಬಂದಿರಲಿಲ್ಲ. ಸಭಿಕರು ಅಷ್ಟುದ್ದದ ಹೊಸ ಕೃತಿಯನ್ನು ಮೊದಲ ಸಲ ಕೂತು ಕೇಳುತ್ತಿದ್ದರು.

ಒಂದನ್ನೇ ಕೊಳ್ಳುವ ಶಕ್ತಿ ಇರುವುದು ಎನ್ನುವವರಿಗೆ ಇದನ್ನೇ ಹೇಳಬೇಕೆನಿಸುತ್ತದೆ, ಆದರೂ ಹೇಳುವುದಿಲ್ಲ. ಕಾರಣ 'ಆ್ಯಶಸ್ ಆರ್ ಬರ್ನಿಂಗ್'. ಸ್ಟುಡಿಯೋದಲ್ಲಿ ಹನ್ನೊಂದು ನಿಮಿಷವಿದ್ದ ಹಾಡು ಇಲ್ಲಿ ಇಪ್ಪತ್ತಮೂರು ನಿಮಿಷ ದಾಟಿದೆ. ಹೆಚ್ಚಿನ ಹೊತ್ತನ್ನು ಬೇಸ್ ಮತ್ತು ಕೀಬೋರ್ಡ್ ತೆಗೆದುಕೊಳ್ಳುತ್ತವೆ. ಕ್ಯಾಂಪ್ ಅವರ ಬೇಸ್ ಸೋಲೋ ನನಗೆ ಇಷ್ಟ, ಆದರೆ ಹೊಸಬರ ಮೇಲೆ ಅದನ್ನು ಹೇರುವುದು ಸರಿಯಲ್ಲ. ಮತ್ತೆ ವಾದ್ಯವೃಂದ ಸ್ಟುಡಿಯೋದಷ್ಟು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ, ಸಭಾಂಗಣದ ಗಾಳಿಯಲ್ಲಿ ಸ್ವಲ್ಪ ಬೆರೆತುಹೋಗಿದೆ. ಹ್ಯಾಸ್ಲಂ ದನಿ ಮಾತ್ರ ಸ್ಟುಡಿಯೋದಲ್ಲಿ ಇದ್ದಂತೆಯೇ ನಿಖರ. ಯಂತ್ರದ ಸಹಾಯದಿಂದ ಶ್ರುತಿ ತಿದ್ದುವ ಕಾಲ ಅದಲ್ಲ. ಆ ಎತ್ತರದ ಸ್ವರಗಳನ್ನು ಆಕೆ ರಾತ್ರಿಯಿಂದ ರಾತ್ರಿಗೆ ವೇದಿಕೆಯ ಮೇಲೇ ಹಾಡಿ ಮುಟ್ಟುತ್ತಿದ್ದರು. ದನಿಯ ಬಗ್ಗೆ ಅನುಮಾನ ಇರುವವರಿಗೆ ಈ ಆಲ್ಬಂ ಉತ್ತರ. ಎರಡು ಸ್ಟುಡಿಯೋ ಆಲ್ಬಂ ಆದ ಮೇಲೆ, ಮೂರನೆಯದಾಗಿ ಇದನ್ನು ಇಟ್ಟುಕೊಳ್ಳಿ.

ಸಣ್ಣ ಹಾಡು, ಸ್ವಚ್ಛ ಧ್ವನಿಮುದ್ರಣ ಬೇಕೆಂದರೆ

1978ರ 'ಎ ಸಾಂಗ್ ಫಾರ್ ಆಲ್ ಸೀಸನ್ಸ್'. ಡೇವಿಡ್ ಹೆನ್ಶೆಲ್ ನಿರ್ಮಾಣ, ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಜೊತೆ. ಡನ್‌ಫೋರ್ಡ್ ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡದ್ದರಿಂದ ಸದ್ದಿಗೆ ಹೊಳಪು ಬಂದಿದೆ. ಇಂದಿನ ಕಿವಿಗೆ ಎಂಟರಲ್ಲಿ ಹೆಚ್ಚು ಹತ್ತಿರವೆನಿಸುವುದು ಇದೇ. ಹಾಗಿದ್ದೂ ಇದನ್ನು ಮೊದಲು ಹೇಳದಿರಲು ಕಾರಣ, ಎರಡು ಹಾಡುಗಳಲ್ಲಿ ಮುಖ್ಯ ದನಿ ಹ್ಯಾಸ್ಲಂ ಅವರದಲ್ಲ, ಕ್ಯಾಂಪ್ ಅವರದು. ಅಂಥ ಗಾಯಕಿ ಪಕ್ಕದಲ್ಲಿರುವಾಗ ಇದು ಏಕೆ ಬೇಕಿತ್ತೋ ನನಗೆ ತಿಳಿಯದು. 'ಡೇ ಆಫ್ ದಿ ಡ್ರೀಮರ್' ಮತ್ತು ಶೀರ್ಷಿಕೆಗೀತೆ, ಎರಡೂ ಹತ್ತು ನಿಮಿಷದ ಆಸುಪಾಸಿನವು, ಹಳೆಯ ವೈಭವಕ್ಕೆ ಕಡಿಮೆಯಿಲ್ಲ. 'ನಾರ್ದರ್ನ್ ಲೈಟ್ಸ್' ಇಷ್ಟವಾಗಿ ಮುಂದೇನು ಎಂದು ಕೇಳುವವರು ಇದೇ ಆಲ್ಬಂನ ಶೀರ್ಷಿಕೆಗೀತೆಗೆ ಹೋಗಬೇಕು, ಅಲ್ಲಿಂದ ಹಿಂದಕ್ಕೆ 1975ಕ್ಕೆ.

ಹ್ಯಾಸ್ಲಂ ಅವರ ಸ್ವಂತ ಆಲ್ಬಂ 'ಆನಿ ಇನ್ ವಂಡರ್‌ಲ್ಯಾಂಡ್' ಬಂದದ್ದು 1977ರಲ್ಲಿ. ನಿರ್ಮಾಪಕ ರಾಯ್ ವುಡ್, ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. ಹೆಚ್ಚಿನ ವಾದ್ಯಗಳನ್ನು ಅವರೇ ನುಡಿಸಿದ್ದಾರೆ, ಹೊದಿಕೆಯ ಚಿತ್ರವನ್ನೂ ಅವರೇ ಬರೆದರು. ತಂಡದ ಗಾಂಭೀರ್ಯ ಇಲ್ಲಿ ಸಡಿಲವಾಗಿದೆ. ಹಳೆಯ ಅಮೆರಿಕನ್ ಹಾಡು 'ನೇಚರ್ ಬಾಯ್' ಇದೆ, 'ಕರೌಸೆಲ್' ರಂಗನಾಟಕದ ಹಾಡಿದೆ, ಕೊನೆಯಲ್ಲಿ ಜೆಕ್ ಸಂಯೋಜಕ ದ್ವೊರ್ಜಾಕ್‌ನ 'ನ್ಯೂ ವರ್ಲ್ಡ್' ಸಿಂಫನಿಯ ನಿಧಾನ ಭಾಗಕ್ಕೆ ಪದ ಹೊಂದಿಸಿದ 'ಗೋಯಿಂಗ್ ಹೋಮ್' ಇದೆ. ದನಿಯ ವ್ಯಾಪ್ತಿ ಎಷ್ಟು ಎಂದು ನೋಡಲು ಇದಕ್ಕಿಂತ ಒಳ್ಳೆಯ ಆಲ್ಬಂ ಇಲ್ಲ. ಆದರೆ ಸಿಂಫೊನಿಕ್ ರಾಕ್ ಎಂಬ ಹೆಸರು ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಗಾಯಕಿಯ ಮೇಲೆ ಪ್ರೀತಿ ಹುಟ್ಟಿದ ಮೇಲೆ ಕೇಳಿ, ಆಗ ಅದರ ಲವಲವಿಕೆ ಹಿತವಾಗುತ್ತದೆ.

ಉಳಿದ ಎರಡು. 1977ರ 'ನೊವೆಲಾ' ಶಾಂತವಾದ, ನಿಧಾನಕ್ಕೆ ಒಲಿಯುವ ಆಲ್ಬಂ. ಹದಿಮೂರು ನಿಮಿಷ ಮೀರಿದ 'ಕ್ಯಾನ್ ಯು ಹಿಯರ್ ಮಿ' ಅದರ ಮುಖ್ಯ ಹಾಡು. ಉಳಿದವೆಲ್ಲ ಮುಗಿದ ಮೇಲೆ ಇದಕ್ಕೆ ಬನ್ನಿ.

1972ರ 'ಪ್ರೊಲಾಗ್' ಬಗ್ಗೆ ಮಾತ್ರ ಇನ್ನೂ ಸ್ವಲ್ಪ ಹೇಳಬೇಕು. ಇದರಲ್ಲಿ ವಾದ್ಯವೃಂದವಿಲ್ಲ, ಎಲೆಕ್ಟ್ರಿಕ್ ಗಿಟಾರ್ ಇದೆ. ತಂಡ ಇನ್ನೂ ತನ್ನ ದಾರಿ ಹುಡುಕುತ್ತಿದೆ. ಶೀರ್ಷಿಕೆಗೀತೆಯಲ್ಲಿ ಪದಗಳೇ ಇಲ್ಲ, ಮೊದಲಿಂದ ಕೊನೆಯವರೆಗೂ ದನಿಯೇ ಒಂದು ವಾದ್ಯ. ಕೊನೆಯ ಹಾಡಿನ ಹೆಸರು 'ರಾಜಾ ಖಾನ್'. ಹನ್ನೊಂದೂವರೆ ನಿಮಿಷ, ಭಾರತದ ಸಂಗೀತದ ಗುಂಗಿನಲ್ಲಿ ಕಟ್ಟಿದ್ದು. ಕರ್ವ್ಡ್ ಏರ್ ತಂಡದ ಫ್ರಾನ್ಸಿಸ್ ಮಾಂಕ್‌ಮನ್ ಇದರಲ್ಲಿ ಸಿಂಥಸೈಜರ್ ನುಡಿಸಿದ್ದಾರೆ. ಇಲ್ಲಿ ಯಾವುದೋ ಒಂದು ರಾಗದ ನಡೆಯನ್ನು ಹುಡುಕಲು ಹೋದರೆ ನಿರಾಸೆಯಾಗುತ್ತದೆ, ಶಾಸ್ತ್ರೀಯ ಸಂಗೀತ ಬಲ್ಲವರಿಗೆ ಸಿಟ್ಟೂ ಬರಬಹುದು. ಆ ಕಾಲದ ಇಂಗ್ಲಿಷ್ ರಾಕ್ ತಂಡಗಳು ನಮ್ಮ ಸಂಗೀತವನ್ನು ದೂರದಿಂದ ಕೇಳಿ ಪಡೆದದ್ದು ಇಷ್ಟು: ಹಿಂದೆ ಹಿಡಿದಿಟ್ಟ ಒಂದು ಶ್ರುತಿ, ಅದರ ಮೇಲೆ ಪದವಿಲ್ಲದ ದನಿ, ನಿಧಾನವಾಗಿ ಏರುವ ವೇಗ. ಅಷ್ಟನ್ನೇ ಇಟ್ಟುಕೊಂಡು ಹ್ಯಾಸ್ಲಂ ಮಾಡಿರುವ ಕೆಲಸ ದೊಡ್ಡದು. ಆಮೇಲಿನ ಆಲ್ಬಂಗಳ ಪದವಿಲ್ಲದ ಭಾಗಗಳೆಲ್ಲ ಇಲ್ಲಿಂದಲೇ ಬಂದವು ಎಂದು ನಾನು ನಂಬಿದ್ದೇನೆ.

ನೈಟ್‌ವಿಶ್ ಕೇಳಿ ಬಂದವರಿಗೆ

ಹೆಣ್ಣುದನಿ ಮತ್ತು ಆರ್ಕೆಸ್ಟ್ರಾ ಎಂದ ಕೂಡಲೇ ಇಂದಿನ ಹುಡುಗ ಹುಡುಗಿಯರ ಬಾಯಲ್ಲಿ ಬರುವುದು ಫಿನ್ಲೆಂಡಿನ ನೈಟ್‌ವಿಶ್. ತಾರ್ಯಾ ತುರುನೆನ್ ಹಾಡಿರುವ 2004ರ 'ವನ್ಸ್' ಆಲ್ಬಂ, ಅದರ ಹತ್ತು ನಿಮಿಷದ 'ಘೋಸ್ಟ್ ಲವ್ ಸ್ಕೋರ್', ದೊಡ್ಡ ಕೆಲಸವೇ. ಆದರೆ ಅದು ಮೆಟಲ್. ಅಲ್ಲಿ ಗಿಟಾರ್ ಗೋಡೆಯಂತೆ ನಿಂತಿರುತ್ತದೆ, ದನಿ ಆಪೆರಾ ವೇದಿಕೆಯ ಪೂರ್ತಿ ಬಲದಿಂದ ಅದನ್ನು ದಾಟಿ ಬರುತ್ತದೆ. ಹ್ಯಾಸ್ಲಂ ದನಿ ದಾಟಬೇಕಾದ ಗೋಡೆಯೇ ಇಲ್ಲ, ಆದ್ದರಿಂದ ಆಕೆ ಪಿಸುಮಾತಿನಷ್ಟು ಮೆಲ್ಲಗೆ ಹಾಡಿದರೂ ಕೇಳಿಸುತ್ತದೆ. ಅಬ್ಬರ ಬೇಕು, ಮೈ ಜುಮ್ಮೆನ್ನಬೇಕು ಎಂದರೆ 'ವನ್ಸ್' ಹಾಕಿ, ರೆನೆಸಾನ್ಸ್ ನಿಮಗೆ ಮೆತ್ತಗೆನಿಸಬಹುದು. ನೈಟ್‌ವಿಶ್‌ನ ನಿಧಾನದ ಹಾಡುಗಳೇ ನಿಮಗೆ ಹೆಚ್ಚು ಇಷ್ಟವಾಗಿದ್ದರೆ ರೆನೆಸಾನ್ಸ್ ಖಂಡಿತ ಹಿಡಿಸುತ್ತದೆ, ಮತ್ತು ಆಗ 'ಮದರ್ ರಷ್ಯಾ' ಸರಿಯಾದ ಸೇತುವೆ.

ಕೊಳ್ಳುವಾಗ, ಕೇಳುವಾಗ

ಮೊಬೈಲಿನ ಸ್ಪೀಕರಿನಲ್ಲಿ ಈ ಆಲ್ಬಂಗಳನ್ನು ದಯವಿಟ್ಟು ಅಳೆಯಬೇಡಿ. ಕ್ಯಾಂಪ್ ಅವರ ಬೇಸ್ ಅರ್ಧಕ್ಕರ್ಧ ಮಾಯವಾಗುತ್ತದೆ, ಅದಿಲ್ಲದೆ ಇದು ರಾಕ್ ಎನಿಸುವುದೇ ಇಲ್ಲ, ಬರೀ ಪಿಯಾನೋ ಮತ್ತು ಹಾಡು ಉಳಿಯುತ್ತದೆ. ದುಬಾರಿಯದೇ ಬೇಕಿಲ್ಲ, ಕಿವಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು. ಸ್ಟ್ರೀಮಿಂಗ್‌ನಲ್ಲಿ ಹಾಡುಗಳನ್ನು ಅಡ್ಡಾದಿಡ್ಡಿಯಾಗಿ ನುಡಿಸುವ ಶಫಲ್ ಆಯ್ಕೆಯನ್ನು ಬಂದ್ ಮಾಡಿಟ್ಟುಕೊಳ್ಳಿ. 'ಕಾರ್ಪೆಟ್ ಆಫ್ ದಿ ಸನ್' ಮುಗಿದು 'ಅಟ್ ದಿ ಹಾರ್ಬರ್' ಬರುವಾಗಿನ ಬದಲಾವಣೆ ಆ ಕ್ರಮದಲ್ಲೇ ಸಿಗಬೇಕು. ಹಾಡಿನ ನಡುವೆ ಜಾಹೀರಾತು ನುಗ್ಗುವ ಉಚಿತ ಖಾತೆಯಲ್ಲಿ ಶೆಹೆರಜಾದ್ ಕೇಳುವ ಸಾಹಸವೂ ಬೇಡ.

ಸಿ.ಡಿ. ಕೊಳ್ಳುವವರು ಎಸೋಟೆರಿಕ್ ರೆಕಾರ್ಡಿಂಗ್ಸ್ ಸಂಸ್ಥೆಯ ಮರುಬಿಡುಗಡೆಗಳನ್ನು ಹುಡುಕಿ. ಮೂಲ ಆಲ್ಬಂ ಜೊತೆ ಆ ಕಾಲದ ಲೈವ್ ಧ್ವನಿಮುದ್ರಣಗಳೂ ಅವುಗಳಲ್ಲಿ ಸಿಗುತ್ತವೆ. ಹಳೆಯ ಎಲ್‌ಪಿ ಕೈಗೆ ಸಿಕ್ಕರೆ ಕೊಳ್ಳುವ ಮುನ್ನ ಎರಡನೇ ಬದಿಯ ಒಳಭಾಗ, ಅಂದರೆ ಲೇಬಲ್ ಹತ್ತಿರದ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿ. ಎಲ್‌ಪಿಯಲ್ಲಿ ಧ್ವನಿಯ ಗುಣ ತಗ್ಗುವುದು ಅಲ್ಲೇ, ಸವೆತ ಬೇಗ ಕೇಳಿಸುವುದೂ ಅಲ್ಲೇ. ಈ ತಂಡದ ಆಲ್ಬಂಗಳಲ್ಲಿ ದೊಡ್ಡ ಹಾಡಿನ ಕೊನೆಯ ಏರಿಕೆ ಬಂದು ಕೂತಿರುವುದೂ ಅಲ್ಲೇ. 1973ರ ಆಲ್ಬಂನಲ್ಲಿ ಹ್ಯಾಸ್ಲಂ ಹಿಡಿದು ನಿಲ್ಲುವ ಆ ತಾರಸ್ವರ ಅಲ್ಲಿ ಕರಕರ ಎಂದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ, ಸಿ.ಡಿ.ಯೇ ವಾಸಿ.